ಮೂರನೆಯ ಮೂಲೆ

ಲ್ಯಾಮಿಂಗ್ಟನ್ ರೋಡಿನ ಛೇಡಾ ಶೇಟರು
ಗಾಜಿನ ಮೇಲೆ ಎರಡು ಪೆಟ್ಟಿಗೆ ಇಟ್ಟು
ಧೂಳು ಒರೆಸಿ ಹೆಸರು ಹೇಳಿದರು: ಬುಕ್‌ಶೆಲ್ಫ್ ಸ್ಪೀಕರ್.
ನಮ್ಮ ಶೆಲ್ಫಿನಲ್ಲಿ ಬುಕ್ಕಿಲ್ಲ ಶೇಟ್, ಅಂದೆ,
ಜೋಳದ ಹಿಟ್ಟಿನ ಡಬ್ಬಿ, ಶೇಂಗಾ ಹಿಂಡಿ, ಪಾಸ್‌ಬುಕ್ಕು.
ಪಾಸ್‌ಬುಕ್ಕೂ ಬುಕ್ಕೇ ತಾನೆ, ಅಂದರು.
ಜೋಡಿಗೆ ಆರು ಸಾವಿರದ ಎಂಟುನೂರು.

"ಇನ್ನೂ ಮೂರು ತಗೋ, ಒಂದು ಮುಂದೆ, ಎರಡು ಹಿಂದೆ,
ಸರೌಂಡ್ ಆಗುತ್ತೆ, ಸುತ್ತಲೂ ಸದ್ದು."
ಸುತ್ತಲಿನ ಸದ್ದು ನಮ್ಮ ಚಾಳಿನಲ್ಲಿ ಬಿಟ್ಟಿ:
ಎಡಕ್ಕೆ ಕದಮರ ಕುಕ್ಕರು, ಬಲಕ್ಕೆ ನಲ್ಲಿಯ ಜಗಳ,
ಬೆನ್ನ ಹಿಂದೆ ಕರೀ ರೋಡ್ ಬಿಡುವ ಲೋಕಲ್ಲು,
ನೆತ್ತಿಯ ಮೇಲೆ ಯಾರದೋ ಹುಡುಗನ ಕ್ರಿಕೆಟ್ಟು.
ಎದುರಿನಿಂದ ಬರುವುದೊಂದೇ ಕೊರತೆ.
ಎರಡೇ ಕೊಡಿ.

ನಾನು ಲಿಫ್ಟ್ ರಿಪೇರಿಯವ. ಕಿವಿಯಿಂದ ಉಣ್ಣುವವ.
ಹಗ್ಗ ಸವೆದದ್ದು, ಬೇರಿಂಗು ಒಣಗಿದ್ದು,
ಹದಿನೇಳನೇ ಮಾಳಿಗೆಯ ಬಾಗಿಲು ಹಲ್ಲು ಕಡಿದದ್ದು
ಕೆಳಗೆ ನಿಂತೇ ಹೇಳಬಲ್ಲೆ.
ಅಂಥ ಕಿವಿಗೆ ಹನ್ನೆರಡು ವರ್ಷ
ಮೊಬೈಲಿನ ತಗಡು ದನಿ ಉಣಿಸಿದ್ದೆ.

ಡಬ್ಬದೊಳಗಿನ ಕಾಗದದಲ್ಲಿ ಬರೆದಿತ್ತು:
ಪೆಟ್ಟಿಗೆಯಿಂದ ಪೆಟ್ಟಿಗೆಗೆ ಎಂಟಡಿ,
ಎರಡರಿಂದಲೂ ಕೇಳುವವನಿಗೆ ಎಂಟಡಿ,
ಮೂರೂ ಭುಜ ಸಮ.
ಬೆನ್ನಲ್ಲಿ ಬಾಯಿರುವ ಪೆಟ್ಟಿಗೆ, ಉಸಿರಾಟಕ್ಕೆ
ಗೋಡೆಯಿಂದ ಒಂದು ಗೇಣು ಬಿಡಿ.

"ಗೇಣು?" ಅಂದಳು ಕಸ್ತೂರಿ, ರೊಟ್ಟಿ ತಟ್ಟುವ ಕೈ ತಡೆದು.
"ಮಂದಿಗೇ ಇಲ್ಲಿ ಗೇಣು ಜಾಗ ಇಲ್ಲ,
ಇವಕ್ಕ ಉಸಿರಾಡಾಕ ಬೇಕೇನು?"
ಆದರೂ ಡಬ್ಬಿಗಳನ್ನು ಮಂಚದ ಕೆಳಗೆ ದೂಡಿದಳು,
ಉಪ್ಪಿನಕಾಯಿ ಭರಣಿಯನ್ನು ಮಾತ್ರ
ಎಡ ಪೆಟ್ಟಿಗೆಯ ತಲೆಯ ಮೇಲೆ ಕೂರಿಸಿದಳು.
ನಾನು ಇಳಿಸಿದೆ. ಮರುದಿನ ಮತ್ತೆ ಅಲ್ಲೇ ಇತ್ತು.

ಹತ್ತಕ್ಕೆ ಎಂಟು ನಮ್ಮ ಖೋಲಿ.
ಟೇಪು ಎಳೆದೆ. ಮಂಚ ದಾಟಿತು,
ಒಲೆ ದಾಟಿತು, ಹೊಸ್ತಿಲು ದಾಟಿತು.
ತ್ರಿಕೋನದ ಮೂರನೆಯ ಮೂಲೆ ಬಿದ್ದದ್ದು
ಹೊರಗೆ, ಎಲ್ಲರೂ ನಡೆದಾಡುವ ಗ್ಯಾಲರಿಯಲ್ಲಿ,
ಇಂದೂಬಾಯಿ ತಾಂಡೇಲಳ ಸ್ಟೂಲಿನ ಮೇಲೆ.

ಭಾವುಚಾ ಧಕ್ಕೆಯ ಮೀನು ತಂದು
ಮೂವತ್ತು ವರ್ಷ ಕೂಗಿ ಮಾರಿ ಗಂಟಲು ಸವೆದವಳು,
ಈಗ ಅಲ್ಲಿ ಕೂತು ಅಕ್ಕಿ ಆರಿಸುತ್ತಾಳೆ.
ಮೊದಲ ರಾತ್ರಿ ನಮ್ಮೂರ ಕಡೆಯ ಒಬ್ಬ ಭಜನೆಯವನನ್ನು ಹಚ್ಚಿದೆ.
ಮಂಚದ ತುದಿಯಲ್ಲಿ ನನಗೆ ಸಿಕ್ಕಿದ್ದು ಬರೀ ತಾಳ,
ಕಸ್ತೂರಿಗೆ ಒಲೆಯ ಬಳಿ ಬರೀ ಏಕತಾರಿ.
ಹೊರಗೆ ಮೊರ ನಿಂತಿತು.
"ಆ ಕ್ಯಾಲೆಂಡರಿನ ಹಿಂದೆ ನಿಂತವನು ಯಾರೋ?"

ಹೋಗಿ ಅವಳ ಬೆನ್ನ ಹಿಂದೆ ಬಗ್ಗಿ ನಿಂತೆ.
ಹೌದು. ಪೆಟ್ಟಿಗೆಯೇ ಇಲ್ಲದ ನಡುಗೋಡೆಯಲ್ಲಿ
ಒಬ್ಬ ಮನುಷ್ಯ. ಸಾಲು ಎತ್ತುವ ಮುಂಚೆ
ಉಸಿರೆಳೆದುಕೊಳ್ಳುತ್ತಿದ್ದ.

ಕಂತು ಕಟ್ಟುವವ ನಾನು, ಕೇಳುವವಳು ಅವಳು.
ಭಾಷೆ ತಿಳಿಯುವುದಿಲ್ಲ, ಆದರೂ ಎಂಟಾದರೆ
ಬಾಗಿಲ ಚಿಲಕ ಬಡಿಯುತ್ತಾಳೆ: "ಕರಿ ಅವನನ್ನು."

ಒಂದು ಗುರುವಾರ ಒಳಗೆ ಚಹಾ ಕುಡಿಯುತ್ತಿದ್ದೆ.
"ನಿನ್ನವ ಇವತ್ತು ಬಲಕ್ಕೆ ಸರಿದಿದ್ದಾನೆ."
ಇಲ್ಲ ಮಾವ್ಶಿ, ಅಂದೆ.
ಹಗ್ಗ ಬಲ್ಲ, ಬೇರಿಂಗು ಬಲ್ಲ ಕಿವಿ ನನ್ನದು, ಅಂದೆ.
"ಸರಿದಿದ್ದಾನೆ. ಕಿಟಕಿಯ ಹತ್ತಿರ ಹೋಗಿದ್ದಾನೆ."

ಎದ್ದು ನೋಡಿದೆ. ಎಡ ಪೆಟ್ಟಿಗೆಯ ಬೆನ್ನಲ್ಲಿ
ತಾಮ್ರದ ಒಂದೇ ಎಳೆ ಹಿಡಿದುಕೊಂಡಿತ್ತು,
ಉಳಿದವು ಭರಣಿ ಎತ್ತಿಡುವಾಗ ಕಳಚಿದ್ದವು.
ಹಲ್ಲಿನಿಂದ ಸುಲಿದು, ಹೊಸೆದು, ತಿರುಪು ಹಚ್ಚಿದೆ.

"ಇನ್ನೂ ಸ್ವಲ್ಪ," ಅಂದಳು ಹೊರಗಿನಿಂದ,
ಶಾಫ್ಟಿನ ಬುಡದಿಂದ ಹೆಲ್ಪರು
ಮೇಲಿನವನಿಗೆ ಕೂಗುವ ಹಾಗೆ.
"ಇನ್ನೂ ಸ್ವಲ್ಪ. ಹಾಂ.
ನಿಂತ."

ಮತ್ತೆ ಮೊರದಲ್ಲಿ ಅಕ್ಕಿ.